ಫಾರ್ವರ್ಡ್ ಆದ ದಿವಾನಿ ಲೆಕ್ಕ

ದೊಡ್ಡಮಾವ (ಫಾರ್ವರ್ಡ್): "1765ರಲ್ಲಿ ಬಂಗಾಳದ ದಿವಾನಿ (ಕಂದಾಯ ವಸೂಲಿಯ ಹಕ್ಕು) ಸಿಕ್ಕಿತು. ಅಂದಿನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬರೀ ಲಾಭ!"

ಚಿಕ್ಕಮ್ಮ: ಬರೀ ಲಾಭ ಆಗಿದ್ರೆ ಎಂಟೇ ವರ್ಷಕ್ಕೆ, 1773ರಲ್ಲಿ, ಬ್ರಿಟನ್ ಸರ್ಕಾರದ ಹತ್ರ 14 ಲಕ್ಷ ಪೌಂಡ್ ಸಾಲ ಯಾಕೆ ಬೇಕಾಯ್ತು ಭಾವ?

ದೊಡ್ಡಮಾವ: ಬಂಗಾಳದ ಗವರ್ನರ್ ಕ್ಲೈವನ ಲೆಕ್ಕ ನೋಡು. ಮೊಘಲ್ ಬಾದಶಹನಿಗೆ 26 ಲಕ್ಷ, ಬಂಗಾಳದ ನವಾಬನಿಗೆ 42 ಲಕ್ಷ, ಸೈನ್ಯದ ಖರ್ಚು, ಎಲ್ಲ ಕಳೆದು ವರ್ಷಕ್ಕೆ 122 ಲಕ್ಷ ಸಿಕ್ಕಾ ರೂಪಾಯಿ (ಆಗಿನ ಬೆಳ್ಳಿ ನಾಣ್ಯ) ಉಳಿಯುತ್ತೆ ಅಂದಿದ್ದ.

ಚಿಕ್ಕಮ್ಮ: ಅದು ಅಂದಾಜು. ಸೈನ್ಯದ ಖರ್ಚು ಏರ್ತಾನೇ ಹೋಯ್ತು. ಮತ್ತೆ, ಉಳಿದ ರೂಪಾಯಿ ಲಂಡನ್ ಸೇರೋದು ಹೇಗೆ? ಕಂದಾಯದ ದುಡ್ಡಲ್ಲಿ ಬಟ್ಟೆ, ರೇಷ್ಮೆ ಕೊಂಡು ಹಡಗಿಗೆ ಹೇರಿ, ಅಲ್ಲಿ ಹರಾಜಲ್ಲಿ ಮಾರಬೇಕು. ಮೊದಲು ಇದೇ ಸರಕಿಗೆ ಹೊರಗಿಂದ ಬೆಳ್ಳಿ ತರ್ತಿದ್ರು. ಈಗ ರೈತನ ದುಡ್ಡಲ್ಲೇ ನೇಕಾರನ ಬಟ್ಟೆ. ಬಂಗಾಳಕ್ಕೆ ವಾಪಸ್ ಏನೂ ಬರಲಿಲ್ಲ.

ಅಣ್ಣ: ಷೇರುದಾರರು ಸರಕು ಮಾರೋವರೆಗೂ ಕಾಯಲಿಲ್ಲ. ಡಿವಿಡೆಂಡ್ (ಷೇರಿನ ಲಾಭಾಂಶ) 6ರಿಂದ 10%, ಮುಂದೆ 12.5ರ ತನಕ. 1767ರಿಂದ ಸರ್ಕಾರಕ್ಕೂ ವರ್ಷಕ್ಕೆ 4 ಲಕ್ಷ ಪೌಂಡ್. 1769ರಲ್ಲಿ ಹೈದರಾಲಿಯ ಕುದುರೆಪಡೆ ಮದರಾಸಿನ ಬಾಗಿಲಿಗೆ ಬಂತು ಅಂತ ಲಂಡನ್‌ಗೆ ಗೊತ್ತಾದಾಗ ಷೇರು ಬಿದ್ದಿದ್ದು ಇದಕ್ಕೇ. ಜನ ವ್ಯಾಪಾರ ನಂಬಿ ಅಲ್ಲ, ಸೀಮೆಯ ಕಂದಾಯ ನಂಬಿ ಷೇರು ಕೊಂಡಿದ್ರು.

ದೊಡ್ಡಮಾವ: ವಸೂಲಿ ಕಡಿಮೆ ಆಗಲಿಲ್ವಲ್ಲ? 1770ರ ಕ್ಷಾಮದ ಮೇಲೂ 1771ರ ನಿವ್ವಳ ವಸೂಲಿ 1768ಕ್ಕಿಂತ ಜಾಸ್ತಿ. ಮುಂದೆ ಗವರ್ನರ್ ಆದ ಹೇಸ್ಟಿಂಗ್ಸನೇ ಪತ್ರದಲ್ಲಿ ಬರೆದಿದ್ದಾನೆ.

ಚಿಕ್ಕಮ್ಮ: ಅದೇ ಪತ್ರ ಪೂರ್ತಿ ಓದಿ. ಮೂರರಲ್ಲಿ ಒಂದು ಪಾಲು ಜನ ಸತ್ತಿದ್ರು, ವಸೂಲಿಯನ್ನ ಬಲವಂತದಿಂದ ಹಳೇ ಮಟ್ಟದಲ್ಲಿ ನಿಲ್ಲಿಸಿದ್ದು ಅಂತಾನೂ ಅವನೇ ಹೇಳ್ತಾನೆ. ನಾಜಾಯ್ ಅಂತ ಒಂದು ತೆರಿಗೆ: ಸತ್ತವರ, ಊರು ಬಿಟ್ಟವರ ಬಾಕಿಯನ್ನ ಉಳಿದ ನೆರೆಯವರು ತುಂಬಬೇಕು. ದಯವಿಟ್ಟು ಇದನ್ನ ಲಾಭ ಅನ್ನಬೇಡಿ.

ಅಣ್ಣ: ವ್ಯವಸ್ಥೆಯೇ ಎರಡು ತಲೆಯದು. ದಿವಾನಿ ಕಂಪನಿ ಹೆಸರಲ್ಲಿ, ಕೆಲಸ ಮುರ್ಷಿದಾಬಾದಲ್ಲಿ ಮೊಹಮ್ಮದ್ ರೆಜಾ ಖಾನ್, ಬಿಹಾರದಲ್ಲಿ ಶಿತಾಬ್ ರಾಯ್ ಕೈಲಿ. 1772ರಲ್ಲಿ ಹೇಸ್ಟಿಂಗ್ಸ್ ಇದನ್ನ ತೆಗೆದು ಖಾಲ್ಸಾ (ಕಂದಾಯ) ಕಚೇರಿನ ಕಲ್ಕತ್ತಾಗೆ ತಂದ. ಆದ್ರೆ 5 ವರ್ಷದ ಇಜಾರ (ಕಂದಾಯ ವಸೂಲಿಯ ಗುತ್ತಿಗೆ) ಹರಾಜಿಗಿಟ್ಟ. ಇಜಾರದಾರರು ನೆಲದ ಶಕ್ತಿ ಮೀರಿ ಕೂಗಿದ್ರು, ಬಾಕಿ ಬೆಳೀತು.

ದೊಡ್ಡಮಾವ: ಸರಿ, "ಬರೀ ಲಾಭ" ತಪ್ಪು. ಆದ್ರೆ ಕಂಪನಿ ನೌಕರರು ಶ್ರೀಮಂತರಾಗಿದ್ದು ನಿಜ ತಾನೇ?

ಚಿಕ್ಕಮ್ಮ: ನಿಜ, ಸಾಲದ ಬೇರೂ ಅಲ್ಲೇ ಇದೆ. ಅವರು ಕಲ್ಕತ್ತಾ ಖಜಾನೆಗೆ ರೂಪಾಯಿ ಕಟ್ಟಿ ಲಂಡನ್ ಮೇಲೆ ಹುಂಡಿ (ಅಲ್ಲಿ ಕಂಪನಿ ಹಣ ಕೊಡಬೇಕಾದ ಪತ್ರ) ಬರೆಸ್ಕೊಳ್ತಿದ್ರು. ಹುಂಡಿಗಳು ರಾಶಿ ಬಿದ್ದಾಗ ಗೋದಾಮಲ್ಲಿ ಚಹಾ ಮಾರಾಟವಾಗದೆ ಕೂತಿತ್ತು, 1772ರಲ್ಲಿ ಬ್ಯಾಂಕುಗಳೂ ಮುರಿದುಬಿದ್ವು. ಆ 14 ಲಕ್ಷದ ಜೊತೆಗೇ ಕಂಪನಿ ಮೇಲೆ ಸರ್ಕಾರದ ಹಿಡಿತ ತಂದ ರೆಗ್ಯುಲೇಟಿಂಗ್ ಕಾಯ್ದೆ ಬಂತು. ಸಾಲ ತೀರೋವರೆಗೆ ಡಿವಿಡೆಂಡ್ 6% ದಾಟೋ ಹಾಗಿರಲಿಲ್ಲ.