ನೋವು ಹಾಕುವ ನೊವಾಕ್

"ನೊವಾಕ್ ಅಂದ್ರೆ ಎದುರಾಳಿಗೆ ನೋವು ಹಾಕೋನು. ಇನ್ನೇನು?" ಎಂದ ಪದ್ದು. ಅವನ ಮನೆ ಟಿವಿಯಲ್ಲಿ ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ಸರ್ವ್‌ಗೆ ಮುಂಚೆ ಚೆಂಡು ಬಡಿಯುತ್ತಿದ್ದ. ಹತ್ತು, ಹನ್ನೊಂದು, ಹನ್ನೆರಡು... ಅಷ್ಟರಲ್ಲಿ ಒಂದು ಬಟ್ಟಲು ಮಂಡಕ್ಕಿ ಖಾಲಿ.

"ಲೋ, ಅದರರ್ಥ ಹೊಸಬ ಅಂತ" ಎಂದ ಗಿರಿ. ಎರಡು ವರ್ಷ ಜೆಕ್ ದೇಶದ ಪ್ರಾಗ್‌ನಲ್ಲಿದ್ದು ಬಂದವನು. ಅಲ್ಲಿಂದ ಬಂದಮೇಲೆ ಯಾವ ಮಾತಿಗೂ ಸುಮ್ನೆ ಇರುವುದಿಲ್ಲ. "ಜೆಕ್, ಸೆರ್ಬಿಯನ್‌ನಂಥ ಸ್ಲಾವ್ ಭಾಷೆಗಳಲ್ಲಿ ನೊವ್ ಅಂದ್ರೆ ಹೊಸದು. ಸಂಸ್ಕೃತದ ನವ, ಲ್ಯಾಟಿನ್‌ನ ನೋವುಸ್, ಎಲ್ಲ ಒಂದೇ ಬೇರು."

"ಹಾಗಾದ್ರೆ ನವರಾತ್ರಿ ಅಂದ್ರೆ ಹೊಸ ರಾತ್ರಿನಾ?"

"ಅದು ಒಂಬತ್ತು, ಮಾರಾಯ. ಬಾಯಿ ಮುಚ್ಚು."

ಸೆರ್ಬಿಯಾದಲ್ಲಿ ನೊವಾಕ್ ಅನ್ನುವುದು ಇಟ್ಟ ಹೆಸರು. ಮನೆತನದ ಹೆಸರು ಜೊಕೊವಿಚ್, ಅಂದರೆ ಜೊಕೊನ ಮಗ. ಪಶ್ಚಿಮಕ್ಕೆ, ಉತ್ತರಕ್ಕೆ ಹೋದರೆ ನೊವಾಕೇ ಮನೆತನದ ಹೆಸರು. ಜೆಕ್ ದೇಶ, ಪೋಲೆಂಡ್, ಸ್ಲೊವೇನಿಯಾ, ಮೂರರಲ್ಲೂ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಮನೆತನದ ಹೆಸರು ಇದೇ. ಗಿರಿ ಇದ್ದ ಕಟ್ಟಡದ ಬಾಗಿಲಲ್ಲಿ ಕರೆಗಂಟೆಗಳ ಸಾಲಿತ್ತಂತೆ. ಅದರಲ್ಲಿ ಮೂರು ನೊವಾಕ್, ಒಂದು ನೊವಾಕೊವಾ. "ಪಿಜ್ಜಾ ಹುಡುಗ ಬಂದ್ರೆ ನಾಲ್ಕನ್ನೂ ಒತ್ತೋನು. ಮೂವರು ಬೈಯೋರು, ಒಬ್ಬ ತಿನ್ನೋನು."

"ನೊವಾಕೊವಾ ಯಾರು?"

"ಹೆಂಗಸರ ರೂಪ. ಗಂಡ ನೊವಾಕ್, ಹೆಂಡತಿ ನೊವಾಕೊವಾ. ಬೇಡ ಅನ್ನೋ ಜೆಕ್ ಹೆಂಗಸರು 2022ರಿಂದ ಆ ಬಾಲ ಬಿಡಬಹುದು."

ನನಗೆ ಲೆಕ್ಕ ಕೂಡಲಿಲ್ಲ. ಎಲ್ಲರೂ ಹೊಸಬರಾದರೆ ಹಳಬರು ಯಾರು? ಗಿರಿ ಕಾಲು ಚಾಚಿದ. ಅಂದರೆ ಉತ್ತರ ಉದ್ದ ಇದೆ ಅಂತ.

"ಒಬ್ಬ ಬೇರೆ ಊರಿಂದ ಬಂದು ಗುಡಿಸಲು ಹಾಕ್ಕೋತಾನೆ. ಅವನ ಹೆಸರು ಕೇಳೋ ವ್ಯವಧಾನ ಯಾರಿಗಿದೆ? ಹೊಸಬ ಅಂದ್ರು. ಅವನ ಮಗ ಅಲ್ಲೇ ಹುಟ್ಟಿದ, ಮೊಮ್ಮಗ ಅಲ್ಲೇ ಸತ್ತ. ಆದ್ರೂ ಹೊಸಬ. ಪ್ರತಿ ಊರಿಗೂ ಒಬ್ಬ ಹೊಸಬ ಬಂದೇ ಬರ್ತಾನಲ್ವಾ? ಅದಕ್ಕೇ ಇಷ್ಟು ಜಾಸ್ತಿ."

ಗಡಿ ದಾಟಿದಾಗ ಹೆಸರಿಗೂ ಬೇರೆ ಬೇರೆ ಅಂಗಿ. ಹಂಗೇರಿಯಲ್ಲಿ ಹೆಚ್ಚು ಬದಲಾಗಲಿಲ್ಲ. ಅಲ್ಲಿ 2022ರಲ್ಲಿ ಅಧ್ಯಕ್ಷರಾದವರೇ ಕತಲಿನ್ ನೊವಾಕ್. ಜರ್ಮನಿಯ ಪೂರ್ವದಂಚಿನಲ್ಲಿ ಸೊರ್ಬ್ ಅನ್ನುವ ಸಣ್ಣ ಸ್ಲಾವ್ ಜನಾಂಗವಿದೆ. ಅವರ ಕಡೆ ಅದು ಸವೆದು ನೋಆಕ್ ಆಯಿತು, ನಡುವಿನ ವಕಾರ ಮಾಯ. ಅಪ್ಪಟ ಜರ್ಮನ್ನರ ನಾಯ್‌ಮನ್, ಇಂಗ್ಲಿಷರ ನ್ಯೂಮನ್ ಕೂಡ ಇದೇ ಹೊಸಬನೇ. ಜೆಕ್‌ನಲ್ಲೇ ಇನ್ನೊಬ್ಬ ಹೊಸಬ ನೊವೊಟ್ನಿ. ಹೆಣ್ಣಾದರೆ ನೊವೊಟ್ನಾ.

"1993ರ ವಿಂಬಲ್ಡನ್ ಫೈನಲ್ ಸೋತು ಬ್ರಿಟಿಷ್ ರಾಜಮನೆತನದ ಡಚೆಸ್ ಹೆಗಲ ಮೇಲೆ ಅತ್ತಳಲ್ಲ, ಯಾನಾ ನೊವೊಟ್ನಾ!" ಪದ್ದುಗೆ ಟೆನಿಸ್ ಮಾತ್ರ ಬಾಯಿಪಾಠ. "1998ರಲ್ಲಿ ಗೆದ್ದಳು. ಹೊಸಬಳಿಗೆ ಐದು ವರ್ಷ ಕಾಯಿಸಿದ್ರು ನೋಡು."

ಗಿರಿಯ ಮೆಚ್ಚಿನ ಕಥೆ ಹಾಲಿವುಡ್ ನಟಿ ಕಿಮ್ ನೊವಾಕ್‌ದು. 1933ರಲ್ಲಿ ಶಿಕಾಗೋದಲ್ಲಿ ಜೆಕ್ ಮೂಲದ ಮನೆಯಲ್ಲಿ ಹುಟ್ಟಿದ ಮೇರಿಲಿನ್ ನೊವಾಕ್. ಹಾಲಿವುಡ್‌ನಲ್ಲಿ ಆಗಲೇ ಒಬ್ಬಳು ಮೇರಿಲಿನ್ ಇದ್ದಳು, ಯಾರೆಂದು ಹೇಳಬೇಕಿಲ್ಲ. ಕಿಟ್ ಮಾರ್ಲೋ ಅಂತ ಇಟ್ಟುಕೋ ಎಂದರು ಸ್ಟುಡಿಯೋದವರು. ಮೊದಲ ಹೆಸರು ಬಿಟ್ಟುಕೊಟ್ಟಳು, ನೊವಾಕ್ ಬಿಡಲಿಲ್ಲ. ನನಗಂತೂ ಅವಳ ಹಟ ಹಿಡಿಸಿತು. ಅಜ್ಜನನ್ನು ಯಾವುದೋ ಹಳ್ಳಿಯವರು ಹೊಸಬ ಎಂದದ್ದನ್ನು ಅಮೆರಿಕದ ಪೋಸ್ಟರ್ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದಳಲ್ಲ!

"ಏನೇ ಹೇಳು, ಪೆದ್ದ ಜನ" ಎಂದ ಪದ್ದು. "ನಾಲ್ಕು ತಲೆಮಾರು ಕಳೆದರೂ ಹೊಸಬ ಅಂತ ಕರೆಸಿಕೊಳ್ಳೋದಾ? ನಾನಾಗಿದ್ರೆ ಒಂದೇ ವಾರದಲ್ಲಿ..."

ಆಗಲೇ ಕೆಳಗಿನಿಂದ ವಠಾರದ ಅಜ್ಜಿಯ ಕೂಗು ಬಂತು. "ಮಾಳಿಗೆ ಹೊಸಬ್ರೇ! ಕಾವೇರಿ ನೀರು ಬಂತು, ಮೋಟ್ರು ಹಾಕ್ಕೊಳ್ಳಿ!"

ಪದ್ದು ಆ ಮನೆಗೆ ಬಂದು ಹನ್ನೊಂದು ವರ್ಷವಾಯಿತು. "ಬಂದೆ ಅಜ್ಜೀ" ಎನ್ನುತ್ತಾ ಚಪ್ಪಲಿ ಹುಡುಕಿದ.

"ಹೋಗಿ ಬನ್ನಿ, ಮಿಸ್ಟರ್ ನೊವಾಕ್" ಎಂದ ಗಿರಿ.