ಟ್ರೇಲರಿನ ಒಂದೇ ಚಕ್ರ ಕಾದು ಬಿಸಿಯಾಗುತ್ತಿದೆ, ಎರಡು ಸಲ ಬೇರಿಂಗ್ ಹಾಕಿಸಿದರೂ ಸರಿಹೋಗಿಲ್ಲ

ಪ್ರಶ್ನೆ: ನಮಸ್ಕಾರ ಅಣ್ಣ. ನಮ್ಮದು 40 ಅಡಿಯ ಮೂರು ಆಕ್ಸಲ್ ಟ್ರೇಲರ್. ಮಂಗಳೂರು–ಬೆಂಗಳೂರು ಮಧ್ಯೆ ಕಂಟೇನರ್ ಹೊಡೆಯುತ್ತೇನೆ. ಎರಡು ತಿಂಗಳಿಂದ ನಡುವಿನ ಆಕ್ಸಲ್‌ನ ಎಡಗಡೆ ಚಕ್ರ ಮಾತ್ರ ಕಾಯುತ್ತಿದೆ. ಶಿರಾಡಿ ಘಾಟ್ ಇಳಿದು ಗುಂಡ್ಯದಲ್ಲಿ ನಿಲ್ಲಿಸಿದಾಗ ಸುಟ್ಟ ವಾಸನೆ. ಕಳೆದ ವಾರ ಹೊಗೆಯೂ ಬಂತು. ಮೆಕ್ಯಾನಿಕ್ ಬೇರಿಂಗ್ ಹೋಗಿದೆ ಅಂದರು. ಎರಡು ಸಲ ಹೊಸದು ಹಾಕಿಸಿದೆ, ಮತ್ತೆ ಅದೇ ಕಥೆ. ಏನು ಮಾಡಲಿ?

ಉತ್ತರ: ತಮ್ಮಾ, ಮೊದಲು ಒಂದು ವಿಷಯ ಹೇಳು. ಘಾಟ್ ಇಳಿದಾಗ ಮಾತ್ರ ಕಾಯುತ್ತದಾ, ಹಾಸನದ ಆಚೆ ಸಮ ರಸ್ತೆಯಲ್ಲೂ ಕಾಯುತ್ತದಾ?

ಪ್ರಶ್ನೆ: ಸಮ ರಸ್ತೆಯಲ್ಲೂ ಕಾಯುತ್ತದೆ ಅಣ್ಣ. ಬಲಗಡೆ ಚಕ್ರ ತಣ್ಣಗೇ ಇರುತ್ತದೆ.

ಉತ್ತರ: ಹಾಗಾದರೆ ಅದು ಬ್ರೇಕ್ ಹಿಡಿದುಕೊಂಡಿರೋದೇ ಇರಬೇಕು. ಬೇರಿಂಗ್ ಹೋಗಿದ್ದು ಸುಳ್ಳಲ್ಲ. ಆದರೆ ಬ್ರೇಕ್ ಡ್ರಮ್ಮಿನ ಕಾವು ಚಕ್ರದ ನಡುವಿನ ಹಬ್ಬಿಗೆ ಬಂದರೆ ಗ್ರೀಸ್ ಕರಗಿ ಹರಿಯುತ್ತದೆ, ಸೀಲ್ ಒಣಗಿ ಗಟ್ಟಿಯಾಗುತ್ತದೆ. ಗ್ರೀಸ್ ಇಲ್ಲದ ಬೇರಿಂಗ್ ಎಷ್ಟು ದಿನ ಬಾಳುತ್ತದೆ? ಕಾವು ಹುಟ್ಟುವ ಜಾಗ ಹಾಗೇ ಇದ್ದರೆ ಮೂರನೇ ಬೇರಿಂಗೂ ಹೋಗುತ್ತದೆ.

ಹೀಗೆ ನೋಡು. ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ ಬೇರೆ ಟೈರುಗಳಿಗೆ ಹಿಂದೆ ಮುಂದೆ ಉರುಳದ ಹಾಗೆ ಗಟ್ಟಿ ಅಡ್ಡಗಟ್ಟೆ ಕೊಡು. ಬ್ರೇಕಿನ ಏರ್ ಟ್ಯಾಂಕಿಗೆ ಗಾಳಿ ಪೂರ್ತಿ ತುಂಬಲಿ, ಮೀಟರ್ 7–8 ಬಾರ್ ತೋರಿಸಬೇಕು. ಬ್ರೇಕ್ ಬಿಟ್ಟು, ಆ ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸು. ಸಲೀಸಾಗಿ ತಿರುಗಿದರೆ ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು. ಸಡಿಲವಾಗಿ ಅಲ್ಲಾಡಿದರೆ ಬೇರಿಂಗ್. ತಿರುಗುವುದೇ ಇಲ್ಲ ಅಂದರೆ ಬ್ರೇಕ್.

ಇನ್ನೊಬ್ಬರನ್ನು ಕ್ಯಾಬಿನ್‌ನಲ್ಲಿ ಕೂರಿಸಿ ಬ್ರೇಕ್ ತುಳಿಸಿ ಬಿಡಿಸು. ನೀನು ಬ್ರೇಕ್ ಚೇಂಬರಿನಿಂದ, ಅಂದರೆ ಗಾಳಿ ತುಂಬಿ ಬ್ರೇಕ್ ತಳ್ಳುವ ಡಬ್ಬಿಯಿಂದ, ಬರುವ ರಾಡ್ ನೋಡು. ಬಲಗಡೆಯದು ಟಕ್ ಅಂತ ಹಿಂದೆ ಹೋಗುತ್ತದೆ. ಎಡಗಡೆಯದು ನಿಧಾನಕ್ಕೆ ಹೋದರೆ, ಅರ್ಧದಲ್ಲೇ ನಿಂತರೆ, ತೊಂದರೆ ಅಲ್ಲೇ ಇದೆ. ಲೈನರನ್ನು (ಡ್ರಮ್ಮಿಗೆ ಉಜ್ಜುವ ಪಟ್ಟಿ) ಡ್ರಮ್ಮಿಗೆ ಒತ್ತುವ ಎಸ್ ಕ್ಯಾಮ್‌ನ ಬುಷ್ ಒಣಗಿರಬಹುದು, ಲೈನರನ್ನು ಹಿಂದೆ ಎಳೆಯುವ ಒಳಗಿನ ರಿಟರ್ನ್ ಸ್ಪ್ರಿಂಗ್ ಸೋತಿರಬಹುದು. ಇಲ್ಲವೇ ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಜಾಸ್ತಿ ಬಿಗಿಯಾಗಿರಬಹುದು.

ಒಂದು ಚಕ್ರ ಮಾತ್ರ ಕಾದರೆ ಕಾರಣ ಆ ಚಕ್ರದ ಹತ್ತಿರವೇ ಇರುತ್ತದೆ. ಟ್ರೇಲರಿನ ಎಲ್ಲಾ ಚಕ್ರವೂ ಕಾದರೆ ಮಾತ್ರ ಬ್ರೇಕುಗಳಿಗೆ ಗಾಳಿ ಹಂಚುವ ರಿಲೇ ವಾಲ್ವ್, ಮಡಚಿಕೊಂಡ ಹೋಸ್, ಗಾಳಿ ಪ್ರೆಶರ್ ಕಡೆ ಹೋಗು. ಪ್ರೆಶರ್ 5 ಬಾರ್‌ಗಿಂತ ಕೆಳಗೆ ಇಳಿದರೆ, ಗಾಳಿ ಇಲ್ಲದಾಗ ಸ್ಪ್ರಿಂಗ್ ಬಲದಿಂದ ಹಿಡಿಯುವ ಸ್ಪ್ರಿಂಗ್ ಬ್ರೇಕ್ ತಾನಾಗೇ ಹಿಡಿಯಲು ಶುರುಮಾಡುತ್ತದೆ.

ಒಂದು ಮಾತು ಕಡ್ಡಾಯ. ಸ್ಪ್ರಿಂಗ್ ಬ್ರೇಕ್ ಚೇಂಬರಿನ ಕ್ಲ್ಯಾಂಪ್ ಬಿಚ್ಚಬೇಡ. ಒಳಗಿನ ಸ್ಪ್ರಿಂಗ್ ಹಾರಿದರೆ ಜೀವ ಹೋಗುತ್ತದೆ. ಚೇಂಬರ್ ಹಾಳಾಗಿದ್ದರೆ ಸ್ಪ್ರಿಂಗನ್ನು ಬೋಲ್ಟ್ ಹಾಕಿ ಹಿಡಿದಿಟ್ಟ ಮೇಲೆ ಇಡೀ ಚೇಂಬರನ್ನೇ ಬದಲಾಯಿಸಬೇಕು. ಅದನ್ನು ಗೊತ್ತಿರುವವರೇ ಮಾಡಲಿ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಇಳಿಜಾರಲ್ಲಿ ಟ್ರೇಲರಿನ ಕೈ ಬ್ರೇಕ್ ಮಾತ್ರ ಸ್ವಲ್ಪ ಎಳೆದುಕೊಂಡು ಇಳಿಯುತ್ತೇನೆ. ಗಾಡಿ ನೆಟ್ಟಗೆ ಇರುತ್ತದೆ ಅಂತ ಹಿರಿಯರು ಹೇಳಿದ್ದರು. ಕಾದಾಗ ನೀರು ಹಾಕಿದರೆ ಆಗುತ್ತಾ?

ಉತ್ತರ: ಎರಡೂ ಬೇಡ. ಕೈ ಬ್ರೇಕ್ ಎಳೆದೇ ಇಳಿದರೆ ಪೂರ್ತಿ ಭಾರ ಟ್ರೇಲರಿನ ಲೈನರ್ ಮೇಲೆ ಬೀಳುತ್ತದೆ. ಟ್ರೇಲರನ್ನು ಎಳೆಯುವ ಮುಂದಿನ ಗಾಡಿಯ ಬ್ರೇಕ್ ಸುಮ್ನೆ ಇರುತ್ತದೆ. ಲೈನರ್ ಕಾದರೆ ಹಿಡಿತ ಕಡಿಮೆಯಾಗುತ್ತದೆ, ಬೇಕಾದ ಹೊತ್ತಿಗೆ ಬ್ರೇಕ್ ಸಿಗುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ. ಆಮೇಲೆ ಕಾಲಿನ ಬ್ರೇಕನ್ನು ಗಟ್ಟಿಯಾಗಿ ತುಳಿದು ಪೂರ್ತಿ ಬಿಡಿ. ಸದಾ ಕಾಲಿಟ್ಟುಕೊಂಡೇ ಇಳಿಯಬೇಡಿ. ಕಾದ ಡ್ರಮ್ಮಿಗೆ ನೀರು ಹಾಕಿದರೆ ಬಿರುಕು ಬಿಡುತ್ತದೆ. ತಾನಾಗೇ ಆರಲಿ.

ಮೊದಲ ಪ್ರಶ್ನೆ ಕೇಳಿದವರು: ಅಣ್ಣ, ನೀವು ಹೇಳಿದ ಹಾಗೇ ನೋಡಿದೆವು. ರಾಡ್ ಅರ್ಧಕ್ಕೇ ನಿಲ್ಲುತ್ತಿತ್ತು. ಕ್ಯಾಮ್‌ನ ಗ್ರೀಸ್ ನಿಪ್ಪಲ್ ತುಂಬಾ ಕೆಸರು, ಗ್ರೀಸ್ ಒಳಗೆ ಹೋಗುತ್ತಲೇ ಇರಲಿಲ್ಲ. ಬುಷ್, ರಿಟರ್ನ್ ಸ್ಪ್ರಿಂಗ್ ಹೊಸದು ಹಾಕಿದೆವು. ಈಗ ಚಕ್ರ ಕೈಯಲ್ಲೇ ತಿರುಗುತ್ತದೆ. ಏರ್ ಟ್ಯಾಂಕ್ ಡ್ರೈನ್ ಬಿಚ್ಚಿದಾಗ ನೀರೂ ತುಂಬಾ ಬಂತು.

ಉತ್ತರ: ಬಹಳ ಸಂತೋಷ ಆಯ್ತು ತಮ್ಮಾ. ಆ ನೀರನ್ನು ದಿನಾ ಬೆಳಿಗ್ಗೆ ಬಿಡು, ವಾಲ್ವ್ ತುಕ್ಕು ಹಿಡಿಯುವುದು ಅದರಿಂದಲೇ. ಹಳೇ ಸೀಲಿನಿಂದ ಗ್ರೀಸ್ ಲೈನರಿಗೆ ಹತ್ತಿದ್ದರೆ ಉಜ್ಜಿ ಹಾಕಬೇಡ. ಆ ಆಕ್ಸಲ್‌ನ ಎರಡೂ ಕಡೆ ಲೈನರ್ ಬದಲಾಯಿಸು. ಇಲ್ಲವಾದರೆ ಒಂದು ಕಡೆ ಹಿಡಿದು ಒಂದು ಕಡೆ ಬಿಡುತ್ತದೆ. ಡ್ರಮ್ಮಿನಲ್ಲಿ ಕೂದಲೆಳೆಯಂಥ ಗೆರೆಗಳಿದ್ದರೆ ಭಯ ಇಲ್ಲ. ಬಿರುಕು ಈ ಅಂಚಿನಿಂದ ಆ ಅಂಚಿಗೆ ಹೋಗಿದ್ದರೆ ಡ್ರಮ್ ಎಸೆದುಬಿಡು.

ಸ್ಲ್ಯಾಕ್ ಅಡ್ಜಸ್ಟರ್ ಕೈಯಿಂದ ಮಾಡುವಂಥದ್ದಾದರೆ, ಲೈನರ್ ಡ್ರಮ್ಮಿಗೆ ತಾಗುವವರೆಗೆ ಬಿಗಿ ಮಾಡಿ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದೆ ಬಿಡು. ಮೊದಲ ಟ್ರಿಪ್‌ನಲ್ಲಿ 20 ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಕೈ ತಾಗಿಸದೆ ಹತ್ತಿರ ಹಿಡಿದು ಎಡ ಬಲ ಎರಡರ ಕಾವು ಹೋಲಿಸಿ ನೋಡು. ಚಕ್ರ ಬಿಚ್ಚಿ ಹಾಕಿದ್ದೀಯಲ್ಲ, 50–100 ಕಿಲೋಮೀಟರ್ ಒಳಗೆ ನಟ್ಟುಗಳನ್ನೂ ಮತ್ತೆ ಬಿಗಿ ಮಾಡು.