ದೇಶಕ್ಕಿಂತ ದೊಡ್ಡದಾದ ‘ಪ್ರದೇಶ’: ರಿಯಾದಿನ ಕಚೇರಿಗಳಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಸೌದಿ ಅರೇಬಿಯಾ ಸರ್ಕಾರ ವಿದೇಶಿ ಕಂಪನಿಗಳ ಕಚೇರಿಗಳನ್ನು ರಿಯಾದಿಗೆ ಸೆಳೆಯುತ್ತಿರುವ ಬಗ್ಗೆ ವಾಣಿಜ್ಯ ವಿದ್ಯಾರ್ಥಿಗಳಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ‘ರೀಜನಲ್ ಹೆಡ್‌ಕ್ವಾರ್ಟರ್ಸ್’ ಎಂಬಲ್ಲಿಗೆ ಬಂದು ಲೇಖನಿ ನಿಂತಿದೆ.

ಮೊದಲು ‘ಪ್ರಾದೇಶಿಕ ಕಚೇರಿ’ ಎಂದು ಬರೆದೆ. ಕರಡು ಓದಿದ ವಿದ್ಯಾರ್ಥಿನಿ, ‘ಬ್ಯಾಂಕಿನ ಪ್ರಾದೇಶಿಕ ಕಚೇರಿಯ ಹಾಗೆಯೇ, ನಾಲ್ಕು ಜಿಲ್ಲೆಯ ಶಾಖೆಗಳನ್ನು ನೋಡಿಕೊಳ್ಳುವುದೇ?’ ಎಂದು ಕೇಳಿದಳು. ಅವಳ ತಪ್ಪಿಲ್ಲ. ಪ್ರಾದೇಶಿಕ ಪಕ್ಷ, ಪ್ರಾದೇಶಿಕ ಭಾಷೆ, ಪ್ರಾದೇಶಿಕ ಸಾರಿಗೆ ಅಧಿಕಾರಿ: ನಮ್ಮ ಬಳಕೆಯಲ್ಲಿ ‘ಪ್ರಾದೇಶಿಕ’ ಎಂದರೆ ದೇಶಕ್ಕಿಂತ ಚಿಕ್ಕದು. ರಿಯಾದಿನ ವಿಷಯದಲ್ಲಿ ‘ರೀಜನ್’ ದೇಶಕ್ಕಿಂತ ದೊಡ್ಡದು. ಅಲ್ಲಿಯ ನಿಯಮದಂತೆ ಈ ಕಚೇರಿ ಸೌದಿಯ ಹೊರಗೆ ಕನಿಷ್ಠ ಇನ್ನೆರಡು ದೇಶಗಳ ವ್ಯವಹಾರವನ್ನು ನೋಡಿಕೊಳ್ಳಬೇಕು. ‘ಪ್ರಾದೇಶಿಕ ಪ್ರಧಾನ ಕಚೇರಿ’ ಎಂದರೂ ಮೊದಲ ಪದ ಓದುಗರನ್ನು ಕೆಳಕ್ಕೇ ಎಳೆಯುತ್ತದೆ.

‘ಕೇಂದ್ರ’ ನನಗೆ ಹಿಡಿಸಿತ್ತು. ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರ ಎನ್ನುವಾಗ ಅದು ಆಡಳಿತದ ಮುಖ್ಯ ಸ್ಥಳವೇ. ಆದರೆ ‘ವಲಯ ಕೇಂದ್ರ’ ಎಂದರೆ ಕೃಷಿ ಸಂಶೋಧನಾ ಕೇಂದ್ರದಂತೆ ಕೇಳಿಸುತ್ತದೆ. ಸದ್ಯ ಭೂಭಾಗದ ಹೆಸರನ್ನೇ ಹಿಡಿದು ‘ಪಶ್ಚಿಮ ಏಷ್ಯಾ ಪ್ರಧಾನ ಕಚೇರಿ’ ಎಂದು ಬರೆದಿದ್ದೇನೆ. ಈಗ ಅರ್ಥ ತಿಳಿಯಾಯಿತು. ಆದರೆ ಸಿಂಗಪುರದಲ್ಲಿರುವ ಇಂಥದೇ ಕಚೇರಿಗಳ ಉದಾಹರಣೆಗೆ ಬಂದರೆ ಹೆಸರನ್ನು ಮತ್ತೆ ಬದಲಿಸಬೇಕು. ಎಲ್ಲ ಕಡೆಗೂ ಹೊಂದುವ ಪದ ಬೇಕು. ‘ಬಹುದೇಶ ಪ್ರಧಾನ ಕಚೇರಿ’ ಆದೀತೇ?

ಇನ್ನೊಂದು ಪ್ರಶ್ನೆ, ಹೀಗೆ ಕಚೇರಿಗಳನ್ನು ತನ್ನತ್ತ ಬರಮಾಡಿಕೊಳ್ಳುವ ‘ಪ್ರಮೋಷನ್’ ಕುರಿತು. ಪತ್ರಿಕೆಗಳು ‘ಉತ್ತೇಜನ’ ಎನ್ನುತ್ತವೆ. ಈ ಕಚೇರಿಗಳಿಗೆ 30 ವರ್ಷಗಳ ತೆರಿಗೆ ವಿನಾಯಿತಿ ಕೊಟ್ಟಿರುವುದು ಉತ್ತೇಜನವೇ, ಒಪ್ಪುತ್ತೇನೆ. ಆದರೆ 2021ರ ಫೆಬ್ರುವರಿಯಲ್ಲಿ ಪ್ರಕಟಿಸಿ 2024ರ ಜನವರಿ 1ರಿಂದ ಜಾರಿಗೆ ತಂದ ನಿಯಮವೂ ಇದರ ಭಾಗ: ಇಂಥ ಕಚೇರಿ ಸೌದಿಯಲ್ಲಿ ಇಲ್ಲದ ವಿದೇಶಿ ಕಂಪನಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸರ್ಕಾರಿ ಗುತ್ತಿಗೆ ಸಿಗದು. ದುಬೈಯಲ್ಲಿ ಕುಳಿತು ವ್ಯವಹಾರ ನಡೆಸುತ್ತಿದ್ದವರಿಗೆ ಇದು ಒತ್ತಾಯ. ಅದನ್ನೂ ಉತ್ತೇಜನ ಎಂದರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ‘ಮಣೆ ಹಾಕುವುದು’ ಎನ್ನೋಣವೆಂದರೆ ಅದರಲ್ಲಿ ಬರಿಯ ಉಪಚಾರವಿದೆ. ‘ಸೆಳೆಯುವುದು’ ಎಂದರೆ ಆಸೆ ತೋರಿಸಿಯೂ ಆಗಬಹುದು, ಹಗ್ಗ ಹಾಕಿಯೂ ಆಗಬಹುದು. ಆದ್ದರಿಂದ ‘ಕಚೇರಿ ಸೆಳೆಯುವ ಯೋಜನೆ’ ಎಂದು ಬರೆದಿದ್ದೇನೆ.

ಇದಕ್ಕಿಂತ ಒಪ್ಪುವ ಪದ, ಅದರಲ್ಲೂ ಮೊದಲ ಪ್ರಶ್ನೆಗೆ, ನಿಮ್ಮ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.